ಮೂವತ್ತೆರಡು ಕಾರ್ಡು, ಮೂವತ್ತೊಂದು ಅಚ್ಚು

ಹತ್ತೊಂಬತ್ತನೆಯ ಕಾರ್ಡನ್ನು ಪೆಟ್ಟಿಗೆಯ ಸೀಳಿನಲ್ಲಿಟ್ಟು ದಾಕ್ಷಾಯಿಣಿ ಹೆಬ್ಬೆರಳಿನಿಂದ ಒತ್ತಿದಳು. ಹಸಿರು ದೀಪ ಹೊತ್ತಿಕೊಳ್ಳುವ ತನಕ ಇಪ್ಪತ್ತನೆಯದಕ್ಕೆ ಕೈ ಹಾಕುವಂತಿರಲಿಲ್ಲ. ಕೈಗವಸು ಹಾಕಿಕೊಂಡರೆ ಉಗುರಿನಗಲದ ಕಾರ್ಡು ಬೆರಳಿಗೆ ಸಿಗುವುದಿಲ್ಲ. ತೆಗೆದರೆ ಬೆರಳುಗಳೇ ತನ್ನವಲ್ಲ ಅನ್ನಿಸುವಷ್ಟು ಚಳಿ. ಬಸ್ಸಿನ ಹಿಂದಿನ ಸೀಟನ್ನು ಮಡಿಸಿ ಮಾಡಿದ್ದ ಪುಟ್ಟ ಮೇಜಿನ ಮುಂದೆ ಕುಳಿತು, ಬಲಗೈಯನ್ನು ಆಗಾಗ ಕಂಕುಳಲ್ಲಿ ಬೆಚ್ಚಗೆ ಮಾಡಿಕೊಳ್ಳುತ್ತ, ಎಡಗೈಯಿಂದ ಹಣೆ ಒತ್ತಿಕೊಳ್ಳುತ್ತಿದ್ದಳು. ಹದಿನಾಲ್ಕು ಸಾವಿರ ಅಡಿ ಎತ್ತರದ ಈ ಕಣಿವೆಗೆ ಬಂದಾಗಿನಿಂದ, ಎರಡು ದಿನ, ಅವಳ ತಲೆನೋವು ಇಳಿದಿರಲಿಲ್ಲ.

ಹೊರಗೆ ಸಂಜೆಯ ಬಿಸಿಲು ಇನ್ನೂ ಇತ್ತು. ಗುಡಾರದ ಮುಂದೆ ರಾಣೆಬೆನ್ನೂರಿನ ಅಕ್ಕನ ಬಳಗದ ಹೆಂಗಸರು ಸಾಲಾಗಿ ಕುಳಿತು ವಚನ ಹಾಡುತ್ತಿದ್ದರು. ಮೂವತ್ತೆರಡು ಜನ. ಬಳಗದ ಪದ್ಧತಿಯಂತೆ ಎಲ್ಲರದೂ ಬದನೆಕಾಯಿ ಬಣ್ಣದ, ಕಿತ್ತಳೆ ಅಂಚಿನ ಒಂದೇ ಸೀರೆ. ಅದರ ಮೇಲೆ ಪ್ರವಾಸದ ಸಂಸ್ಥೆ ಕೊಟ್ಟ ಒಂದೇ ನೀಲಿ ಕೋಟು, ಒಂದೇ ಉಣ್ಣೆಯ ಟೋಪಿ, ಹಿಮದ ಬೆಳಕಿಗೆ ಒಂದೇ ಕಪ್ಪು ಕನ್ನಡಕ. ಕೋಟಿನ ಎದೆಯ ಮೇಲೆ ಗುಂಡಿಯಂಥ ಕ್ಯಾಮೆರಾ. ತೊಟ್ಟವರು ಏನನ್ನಾದರೂ ನಿಂತು ನೋಡಿದರೆ ಅದು ತಾನೇ ಚಲಿಸುವ ಚಿತ್ರ ತೆಗೆಯುತ್ತದೆ. ಅದಕ್ಕೆ ಎಲ್ಲರೂ ಎದೆಗಣ್ಣು ಎನ್ನುತ್ತಿದ್ದರು.

ಇದು ಗಡಿಯ ಪ್ರದೇಶ. ಎಲ್ಲರ ಫೋನುಗಳನ್ನೂ ಕೆಳಗಿನ ಚೌಕಿಯಲ್ಲೇ ಇಟ್ಟು ಬರಬೇಕು. ಗಾಳಿಯಲ್ಲಿ ಒಂದು ಚಿತ್ರವನ್ನೂ ಕಳಿಸುವಂತಿಲ್ಲ. ಆದ್ದರಿಂದ ದಿನದ ಕೊನೆಗೆ ಕಾರ್ಡುಗಳನ್ನು ಬಿಡಿಸಿ, ಪೆಟ್ಟಿಗೆಗೆ ತುಂಬಿ, ಅಳಿಸಿ, ಮರುದಿನ ಬೆಳಿಗ್ಗೆ ಮತ್ತೆ ಅವರವರಿಗೆ ಕೊಡುವುದು ಪ್ರತಿಗಾರ್ತಿಯ ಕೆಲಸ. ದಾಕ್ಷಾಯಿಣಿ ನಾಲ್ಕು ವರ್ಷದಿಂದ ಈ ಬಸ್ಸಿನ ಪ್ರತಿಗಾರ್ತಿ.

ಪೆಟ್ಟಿಗೆ ಚಿತ್ರಗಳನ್ನು ಚಿತ್ರಗಳಾಗಿಯೇ ಇಟ್ಟುಕೊಳ್ಳುವುದಿಲ್ಲ. ಹಾಗೆ ಇಟ್ಟರೆ ಹನ್ನೆರಡು ದಿನದ ಪ್ರವಾಸಕ್ಕೆ ಜಾಗ ಸಾಲದು. ಅದು ಪ್ರತಿಯೊಬ್ಬರ ಮುಖವನ್ನೂ ಮೈಕಟ್ಟನ್ನೂ ಒಮ್ಮೆ ಅಚ್ಚು ತೆಗೆದುಕೊಳ್ಳುತ್ತದೆ. ಆಮೇಲೆ ಆ ಅಚ್ಚು ಎಲ್ಲಿ ನಿಂತಿತ್ತು, ಯಾವ ಕಡೆ ತಿರುಗಿತು, ಯಾವಾಗ ಬಾಯಿ ತೆರೆಯಿತು ಎಂಬುದನ್ನಷ್ಟೇ ಬರೆದಿಡುತ್ತದೆ. ಊರಿಗೆ ಬಂದ ಮೇಲೆ ಎಲ್ಲರ ಕಾರ್ಡಿನ ಬರಹವನ್ನೂ ಒಟ್ಟು ಮಾಡಿ ಒಂದು ಕೋಣೆಯ ತುಂಬ ಆ ದಿನವನ್ನು ಮತ್ತೆ ಎಬ್ಬಿಸಿ ನಿಲ್ಲಿಸುತ್ತದೆ. ಜನ ಅದರೊಳಗೆ ಓಡಾಡಬಹುದು, ತಮ್ಮನ್ನು ತಾವೇ ಸುತ್ತು ಹಾಕಿ ನೋಡಬಹುದು.

ಕಿಟಕಿಯ ಗಾಜನ್ನು ಯಾರೋ ಬಳೆಯಿಂದ ತಟ್ಟಿದರು.

"ಅಕ್ಕಾರ, ಬಿಸಿನೀರ ತಂದೀನಿ. ಶುಂಠಿ ಜಜ್ಜಿ ಹಾಕೀನಿ, ಕುಡೀರಿ. ತಲಿ ಹಗುರ ಆಕ್ಕತಿ."

ದಾಕ್ಷಾಯಿಣಿ ಗಾಜು ಸರಿಸಿ ಲೋಟ ತೆಗೆದುಕೊಂಡಳು. ಕಣ್ಣು ದೀಪದ ಮೇಲೆಯೇ ಇತ್ತು. "ನೀವು ಹಾಡೂದಿಲ್ಲೇನ್ರಿ?"

"ನಂದು ಕಾಗಿ ದನಿ ಅಂತಾಳ್ರಿ ನಮ್ಮಕ್ಕ. ನನ್ನ ಬರೇ ಚಪ್ಪಾಳಿಗೆ ಇಟಗೊಂಡಾರ." ಹೊರಗಿನ ಹೆಂಗಸು ನಕ್ಕಳು. "ಇವತ್ತ ಆ ಕೆರಿ ದಂಡಿ ಮ್ಯಾಲೆ ಜಾರಿ ಬಿದ್ದೆ ನೋಡ್ರಿ. ಬಿದ್ದಾಕಿ ಏಳೂದ ಬಿಟ್ಟು ನಗಾಕ ಹತ್ತಿಬಿಟ್ಟೆ. ಹುಚ್ಚಿಗತೆ. ಅಕ್ಕ ಬೈತಾಳಂತ ಮಾಡಿದ್ದೆ, ಬೈಲಿಲ್ಲ. ಸುಮ್ಮ ನನ್ನ ನೋಡಕೋತ ನಿಂತಳು."

"ಹೌದ?" ಎಂದಳು ದಾಕ್ಷಾಯಿಣಿ. ಹಸಿರು ದೀಪ ಬಂತು. ಇಪ್ಪತ್ತನೆಯ ಕಾರ್ಡಿಗೆ ಕೈ ಹಾಕುತ್ತ ಖಾಲಿ ಲೋಟವನ್ನು ಹಿಂದಕ್ಕೆ ಕೊಟ್ಟಳು. ತಲೆ ಎತ್ತಲಿಲ್ಲ.

ಮೂವತ್ತೆರಡೂ ಮುಗಿದ ಮೇಲೆ ಪೆಟ್ಟಿಗೆ ತನ್ನ ಅನುಮಾನಗಳನ್ನು ಕೇಳತೊಡಗಿತು. ಮುಖ ಸ್ಪಷ್ಟವಾಗಿ ಕಾಣದಿದ್ದಾಗ ಅದು ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಕೇಳುತ್ತದೆ: ಇವರು ಒಬ್ಬರೇ? ಕೆಳಗೆ ಮೂರು ಗುಂಡಿ: ಹೌದು, ಅಲ್ಲ, ಕೇಳಿ ಹೇಳುವೆ. ಆ ದಿನ ಇಪ್ಪತ್ತೇಳು ಪ್ರಶ್ನೆಗಳಿದ್ದವು. ಎಲ್ಲದರಲ್ಲೂ ಟೋಪಿ, ಕನ್ನಡಕ, ಬದನೆಕಾಯಿ ಬಣ್ಣ. ಇಪ್ಪತ್ತೊಂದನೆಯದರಲ್ಲಿ ಇಬ್ಬರದೂ ಒಂದೇ ಎತ್ತರ, ಮೂಗಿನಲ್ಲಿ ಒಂದೇ ಬಗೆಯ ಏಳು ಹರಳಿನ ಮೂಗುಬೊಟ್ಟು. ಕೇಳುವುದಿದ್ದರೆ ಹೆಂಗಸರು ಹತ್ತು ಹೆಜ್ಜೆ ದೂರದಲ್ಲೇ ಕುಳಿತಿದ್ದರು. ಎಲ್ಲಾರೂ ಒಂದೇ ಥರ ಕಾಣತಾರ, ಏನ್ ಕೇಳೂದು, ಎಂದು ಬೇಸರದಿಂದ ಅಂದುಕೊಂಡು ದಾಕ್ಷಾಯಿಣಿ 'ಹೌದು' ಒತ್ತಿದಳು. ಕೊನೆಯ ಪ್ರಶ್ನೆ ಮುಗಿದ ಮೇಲೆ, ಕಾರ್ಡುಗಳನ್ನು ಅಳಿಸಲೇ ಎಂದಿತು. ಅದಕ್ಕೂ ಹೌದು ಒತ್ತಿ, ಕೈಗವಸು ಹಾಕಿಕೊಂಡು ಕಣ್ಣು ಮುಚ್ಚಿದಳು.

*

ಹದಿನೈದು ತಿಂಗಳಾಗುತ್ತ ಬಂದಾಗ, ಆಗಸ್ಟಿನ ಒಂದು ಮಂಗಳವಾರ, ರಾಣೆಬೆನ್ನೂರಿನ ಒಂದು ಮನೆಯವರು ಹುಬ್ಬಳ್ಳಿಯ ಕಚೇರಿಗೆ ಬಂದರು. ಅಕ್ಕನ ಬಳಗದ ಅಧ್ಯಕ್ಷೆಯಾಗಿದ್ದ ಬಸಲಿಂಗಮ್ಮ ಪ್ರವಾಸದಿಂದ ಬಂದ ಮೂರೇ ತಿಂಗಳಿಗೆ ಹೃದಯ ನಿಂತು ತೀರಿಕೊಂಡಿದ್ದರು. ಬರುವ ಭಾನುವಾರ ವರ್ಷದ ಪುಣ್ಯಸ್ಮರಣೆ. ಮಗಳು ಶಶಿರೇಖಾ ಶಾಲೆಯಲ್ಲಿ ಗಣಿತ ಕಲಿಸುವವಳು. ಸರೋವರದ ದೃಶ್ಯವನ್ನು ದೊಡ್ಡದಾಗಿ ನೋಡಬೇಕು, ಅದರಲ್ಲಿ ತನಗೆ ಬೇಕಾದ ಒಂದು ನಿಮಿಷವನ್ನು ಮನೆಯ ಪಡಸಾಲೆಯಲ್ಲಿ ಕಾಯಂ ಆಗಿ ಹಾಕಿಸಿಕೊಳ್ಳಬೇಕು ಎಂದಳು. ಜೊತೆಗೆ ಅವಳ ಚಿಕ್ಕಮ್ಮ ಸುವರ್ಣಾ ಬಂದಿದ್ದಳು. ಬಸಲಿಂಗಮ್ಮನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ನಲವತ್ತರ ಆಚೀಚಿನ, ಮಾತು ಕಡಿಮೆಯ ಹೆಂಗಸು.

ದಾಕ್ಷಾಯಿಣಿ ದೃಶ್ಯಕೋಣೆಯ ದೀಪ ಆರಿಸಿದಳು. ನೆಲ ಬೆಳ್ಳಗಾಯಿತು. ಅರೆ ಕರಗಿದ ಸರೋವರದ ದಂಡೆ, ಆಚೆಗೆ ಕಂದು ಬೆಟ್ಟ, ಅಲ್ಲಲ್ಲಿ ನಿಂತ ಬದನೆಕಾಯಿ ಬಣ್ಣದ ಹೆಂಗಸರು. ನಡುವೆ ಒಬ್ಬಳು ಕಾಲು ಜಾರಿ ಧೊಪ್ಪನೆ ಕೂತಳು. ಕನ್ನಡಕ ಹಾರಿ ಬಿತ್ತು. ಅವಳು ಏಳಲಿಲ್ಲ, ಎರಡೂ ಅಂಗೈ ಹಿಮದ ಮೇಲೆ ಊರಿ, ತಲೆ ಹಿಂದಕ್ಕೆ ಚೆಲ್ಲಿ, ಹಲ್ಲೆಲ್ಲ ಕಾಣುವಂತೆ ನಕ್ಕಳು. ಬಸಲಿಂಗಮ್ಮನ ಮುಖ. ಅವರದೇ ಅಗಲ ಹಣೆ, ವಿಭೂತಿ, ಮೂಗುಬೊಟ್ಟು.

ಶಶಿರೇಖಾ ನಗುತ್ತಿದ್ದ ಆ ಆಕೃತಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. ಗಲ್ಲ ಮುಟ್ಟಲು ಹೋದ ಕೈ ಬೆಳಕನ್ನು ದಾಟಿ ಹೋಯಿತು.

"ನಮ್ಮವ್ವ ಹಿಂಗ ನಗೂದ ನಾ ನೋಡೇ ಇಲ್ರಿ," ಎಂದಳು. "ಹಲ್ಲ ಕಾಣೂವಂಗ ನಗಬಾರದು ಅಂತ ನಮಗ ಬೈದ ಬೆಳಿಸಿದಾಕಿ. ಮದವಿ ಫೋಟೋದಾಗೂ ಕೋರ್ಟಿಗೆ ಬಂದಂಗ ನಿಂತಾಳ. ಚಿಗವ್ವ, ನೋಡ ಬಾ ಇಲ್ಲಿ. ಒಂದ ಸಲಾನರ ಅಕಿ ಮನಸ ಬಿಚ್ಚಿ ನಕ್ಕಳಲ್ಲ, ನನಗ ಅಷ್ಟ ಸಾಕು."

"ಹೌದವಾ," ಎಂದಳು ಸುವರ್ಣಾ, ಬಾಗಿಲ ಬಳಿಯಿಂದ.

ಶಶಿರೇಖಾ ಮತ್ತೆ ಮತ್ತೆ ಹಾಕಿಸಿದಳು. ಏಳನೆಯ ಸಲಕ್ಕೆ ಕಣ್ಣೊರೆಸಿಕೊಂಡು, ಇದೇ ಇರಲಿ, ಗೋಡೆಗೆ ಕಟ್ಟು ಹಾಕಿಸಿದ ಫೋಟೋ ಬೇಡ, ಎಂದು ಹೇಳಿ ಅರ್ಜಿ ತುಂಬಲು ಹೊರಗೆ ಹೋದಳು. ದಾಕ್ಷಾಯಿಣಿ ದೀಪ ಹಾಕಿ ತಿರುಗಿದಾಗ ಸುವರ್ಣಾ ಅಲ್ಲೇ ನಿಂತಿದ್ದಳು. ಮೂಗಿನಲ್ಲಿ ಏಳು ಹರಳಿನ ಬೊಟ್ಟು.

"ಅಕ್ಕಾರ, ಒಂದ ಮಾತು. ನಾ ಎಲ್ಲೀನ್ರಿ ಇದರಾಗ?"

"ಇರತೀರಿ. ಯಾವುದೋ ಮೂಲಿಯಾಗ..."

"ಮನ್ಯಾಗ ಟೀವ್ಯಾಗ ನೋಡಿದಾಗ ಸಣ್ಣ ಸಣ್ಣ ಕಾಣತಿದ್ವು. ಹನ್ನೆರಡೂ ದಿನದ್ದು ಹುಡಿಕೀನ್ರಿ, ಒಂದರಾಗೂ ಸಿಗಲಿಲ್ಲ. ನಮ್ಮತ್ತಿ ಕೇಳಿದರು, ನೀ ಹೋಗಿದ್ದೆಲ್ಲ, ಎಲ್ಲೀ ಅಂತ. ನಾನ ತಗಿಯಾಕ ನಿಂತಿರಬೇಕು ಅಂದೆ. ಎಲ್ಲಾರೂ ನಕ್ಕರು." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಈಗ ಬಿದ್ದಳಲ್ರಿ, ಅದು ಅಕ್ಕ ಅಲ್ಲ ಅನಸತೈತಿ. ಬಿದ್ದಾಕಿ ನಾನು. ಈ ಮಣಕಾಲು ಎಂಟ ದಿನ ಬಾತಿತ್ತು. ಮೂಗಬೊಟ್ಟು ಇಬ್ಬರಿಗೂ ನಮ್ಮತ್ತಿನ ಹಾಕಿಸಿದ್ದು, ಅದಕ್ಕ ಹಂಗ ಆತೇನೋ. ನಾ ಯಾರಿಗೂ ಹೇಳೂದಿಲ್ರಿ, ಶಶಿಗಂತೂ ಹೇಳೂದಿಲ್ಲ. ಅಕೀಗೆ ಅವ್ವನ ನಗಿ ಇರಲಿ. ನೀವು ನನಗಷ್ಟ ಹೇಳ್ರಿ. ಅದು ನಾನ ಹೌದಲ್ಲೋ?"

ಆ ಕ್ಷಣದಲ್ಲಿ ದಾಕ್ಷಾಯಿಣಿಗೆ ಎಲ್ಲ ನೆನಪಾಯಿತು. ಗಾಜಿನ ಆಚೆಯ ದನಿ, ಜಾರಿ ಬಿದ್ದೆ ಎಂದದ್ದು, ಎರಡು ಚಿತ್ರಗಳಿದ್ದ ಪರದೆ, ಗುಂಡಿಯ ಮೇಲಿದ್ದ ತನ್ನದೇ ಬೆರಳು. ಕಡಿಮೆ ಚಿತ್ರಗಳಿರುವ ಮುಖವು ಹೆಚ್ಚು ಚಿತ್ರಗಳಿರುವ ಮುಖದೊಳಗೆ ಸೇರಿಹೋಗುತ್ತದೆ. ಅದು ಪೆಟ್ಟಿಗೆಯ ನಿಯಮ. ಒಂದೇ ಅಚ್ಚು ಒಂದೇ ಹೊತ್ತಿಗೆ ಎರಡು ಕಡೆ ಕಂಡರೆ, ಹೆಚ್ಚು ಎದೆಗಣ್ಣು ನೋಡಿದ ಕಡೆಯದನ್ನಷ್ಟೇ ನಿಲ್ಲಿಸಿ ಇನ್ನೊಂದನ್ನು ಕೈಬಿಡುತ್ತದೆ. ಅಧ್ಯಕ್ಷೆಯ ಕಡೆ ಎಲ್ಲರ ಎದೆಗಣ್ಣೂ ತಿರುಗುತ್ತಿತ್ತು. ಚಪ್ಪಾಳೆ ತಟ್ಟುವವಳ ಕಡೆ ಯಾರದು ತಿರುಗೀತು? ಒಮ್ಮೆ ಒಬ್ಬರೇ ಎಂದರೆ ಹಿಂದಿನ ದಿನಗಳೂ, ಮುಂದಿನ ದಿನಗಳೂ ಅದೇ ಅಚ್ಚಿಗೆ ಬಂದು ಬೀಳುತ್ತವೆ.

ಆದರೆ ಬಾಯಿಗೆ ಬಂದದ್ದು ಬೇರೆ. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಸಿದ್ದ ಮಾತು.

"ಪೆಟಗಿ ತಪ್ಪೂದಿಲ್ರೀ. ಅಷ್ಟು ಎತ್ತರದಾಗ ಉಸಿರು ಕಡಿಮಿ ಆಗಿ ನೆನಪು ಕಲಸತಾವ. ಭಾಳ ಮಂದಿಗೆ ಹಿಂಗ ಆಕ್ಕತಿ. ನಿಮ್ಮಕ್ಕ ಬಿದ್ದಾಗ ನೀವು ಬಾಜೂಕ ಇದ್ದಿರಬೇಕು, ನೀವ ಬಿದ್ದಂಗ ಮನಸಿನಾಗ ಕೂತೈತಿ."

ಸುವರ್ಣಾ ಬರಿ ನೆಲದ ಕಡೆ ತಿರುಗಿ, ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿದಳು. "ಹಂಗಂತೀರಿ?" ಎಂದಳು. "ಹಂಗೂ ಇರಬಹುದ್ರಿ. ನೀವು ಕಲತವರು." ದನಿಯಲ್ಲಿ ಸಿಟ್ಟಿರಲಿಲ್ಲ. ಕ್ಷಮಿಸಿ ಎನ್ನುವಂತೆ ನಕ್ಕು ಹೊರಗೆ ಹೋದಳು.

*

ಮನೆಯಲ್ಲಿ ಗಂಡ ವಿರೂಪಾಕ್ಷಪ್ಪ ಪೇಪರು ಓದುತ್ತ ಚಹಾ ಕುಡಿಯುತ್ತಿದ್ದ. ಅವನದು ಚಿತ್ರಗಳಿಗೆ ಗಾಜು, ಕಟ್ಟು ಹಾಕಿಕೊಡುವ ಅಂಗಡಿ. ದೃಶ್ಯಗಳು ಬಂದ ಮೇಲೆ ದೇವರು ಮತ್ತು ಸತ್ತವರು ಇಬ್ಬರೇ ತನ್ನ ಗಿರಾಕಿಗಳು ಎಂದು ಅವನು ಹೇಳುತ್ತಿದ್ದ.

"ಇವತ್ತ ಒಬ್ಬ ಸತ್ತಾಕೀನ್ನೂ ನಿಮ್ಮಂದಿ ಕಸಗೊಂಡರಂತ," ಎಂದ. "ರಾಣೆಬೆನ್ನೂರಾಗಿಂದ ಫೋನ್ ಬಂದಿತ್ತು. ಎರಡ ಫೂಟಿನ ಕಟ್ಟು ಹೇಳಿದ್ದರು, ಈಗ ಬ್ಯಾಡಂತ. ಗೋಡಿ ಮ್ಯಾಲೆ ನಗೂ ಅವ್ವ ಬರತಾಳಂತ."

"ಹೂಂ."

"ನಗೂ ಅವ್ವ ಚೊಲೋನ ಬಿಡು. ದಿನಾ ಅದ ನಗು ನಕ್ಕರ ಎರಡ ತಿಂಗಳಿಗೆ ಬ್ಯಾಸರ ಬರತೈತಿ. ಫೋಟೋದಾಗ ಸುಮ್ಮ ಕುಂತಾಕಿ ಯಾವಾಗ ನಕ್ಕಾಳು ಅಂತ ನಾವ ಕಾಯಬಹುದು." ಅವನು ಪೇಪರು ಮಡಿಸಿ ತಟ್ಟೆ ಎಳೆದುಕೊಂಡ. "ಪಲ್ಯಾಕ ಎರಡ ಸಲ ಉಪ್ಪು ಹಾಕಿದಿ. ನಾ ನೋಡೀನಿ."

"ಹಾಕಿದ್ರ ಹಾಕೀನಿ. ತಿನ್ನ್ರಿ."

ಹದಿನೈದು ಬೇರೆ ಬೇರೆ ಊರುಗಳ ಹೆಂಗಸರ ಗುಂಪುಗಳೊಂದಿಗೆ ಅವಳು ತಿರುಗಿದ್ದಳು. ಶುರುವಿನಲ್ಲಿ ಪ್ರತಿಯೊಬ್ಬರ ಹೆಸರನ್ನೂ ಕಲಿಯುತ್ತಿದ್ದಳು. ಯಾವಾಗ ಬಿಟ್ಟಳೋ ಅವಳಿಗೇ ತಿಳಿಯಲಿಲ್ಲ. ಒಂದೇ ಬಣ್ಣದ ಸೀರೆ ಉಟ್ಟು ಬಸ್ಸು ಹತ್ತುವವರನ್ನು ಕಂಡರೆ ಒಳಗೊಳಗೇ ಒಂದು ಸಣ್ಣ ತಾತ್ಸಾರ. ನಾನು ನಿಮ್ಮ ಹಾಗಲ್ಲ, ಕೆಲಸಕ್ಕೆ ಬಂದವಳು ಎಂಬ ಠೀವಿ. ಬೆರಳು ತಪ್ಪಿ ಬೀಳಲಿಲ್ಲ. ಚಳಿ, ತಲೆನೋವು ಎಂದು ಎಷ್ಟು ಹೇಳಿಕೊಂಡರೂ, ನೋಡುವ ಮನಸ್ಸಿಲ್ಲದೆ ಒತ್ತಿದ ಬೆರಳು ಅದು. ಅದನ್ನಾದರೂ ಹೇಗೋ ಸಹಿಸಬಹುದಿತ್ತು. ಇವತ್ತು ಬೆಚ್ಚನೆಯ ಕೋಣೆಯಲ್ಲಿ, ತಲೆ ನೋಯದೆ, ಎದುರಿಗೆ ನಿಂತವಳ ಮುಖ ನೋಡುತ್ತಲೇ ಅವಳ ನೆನಪು ಸುಳ್ಳು ಎಂದಳಲ್ಲ, ಅದಕ್ಕೆ ಯಾವ ಎತ್ತರವನ್ನು ದೂರುವುದು?

ವಿರೂಪಾಕ್ಷಪ್ಪ ತಟ್ಟೆಯಲ್ಲಿದ್ದುದನ್ನು ಎರಡು ಲೋಟ ಮಜ್ಜಿಗೆಯೊಂದಿಗೆ ತಿಂದು ಮುಗಿಸಿದ.

*

ಬುಧವಾರ ಊಟದ ವೇಳೆಗೆ ಅವಳು ನೆಲಮಾಳಿಗೆಯ ನಿಯಂತ್ರಣ ಕೋಣೆಗೆ ಇಳಿದಳು. ಅಲ್ಲಿ ಪೆಟ್ಟಿಗೆಗಳನ್ನು ನೋಡಿಕೊಳ್ಳುವ ಎಂಜಿನಿಯರ್ ತಬಸ್ಸುಮ್ ಡಬ್ಬಿ ಬಿಚ್ಚಿಕೊಂಡು ಕುಳಿತಿದ್ದಳು.

"ಬರ್ರಿ ಮೇಡಂ. ಈ ಪಾತಾಳಕ್ಕ ನೀವ್ಯಾಕ ಇಳಿದ್ರಿ? ಪಲಾವ್ ಐತಿ, ತಗೋತೀರಿ?"

"ಬ್ಯಾಡವಾ. ಒಂದ ಕೇಳೂದಿತ್ತು. ಕಾರ್ಡು ಅಳಿಸಿದ ಮ್ಯಾಲೆ ಮೂಲ ಚಿತ್ರ ಪೂರಾ ಹೋಗೇ ಬಿಡತಾವೇನು?"

ತಬಸ್ಸುಮ್ ಬಾಯಲ್ಲಿದ್ದುದನ್ನು ನುಂಗಿ ಹೇಳಿದಳು: "ಚಿತ್ರ ಹೋಗತಾವ. ಶೇಷ ಉಳೀತೈತಿ. ಅಚ್ಚು ಖರೇ ಮುಖಕ್ಕ ಪೂರಾ ಹೊಂದೂದಿಲ್ಲ ನೋಡ್ರಿ. ಎಲ್ಲೆಲ್ಲಿ ಎಷ್ಟೆಷ್ಟು ಹೊಂದಲಿಲ್ಲ ಅನ್ನೂದನ್ನ ಪೆಟಗಿ ಬ್ಯಾರೆ ಬರದ ಇಡತೈತಿ. ಝಂಪರ್ ಹೊಲದ ಮ್ಯಾಲೆ ತುಣುಕು ಅರಿವಿ ಉಳಿಯೂದಿಲ್ಲೇನ್ರಿ, ಹಂಗ. ಅಚ್ಚು, ಶೇಷ ಎರಡೂ ಕೂಡಿಸಿದ್ರ ಮೂಲ ಮುಖ ತಿರಗಿ ಬರತೈತಿ. ನಾನೂರೈವತ್ತ ದಿನ ಇಟ್ಟು ಒಗೀತೀವಿ. ಯಾವ ಪ್ರವಾಸದ್ದು ಬೇಕು?"

ದಾಕ್ಷಾಯಿಣಿ ತಾರೀಕು ಹೇಳಿದಳು. ತಬಸ್ಸುಮ್ ಕೈ ಒರೆಸಿಕೊಂಡು ಪರದೆ ತೆರೆದಳು. "ಓ, ಇದು ಈ ಶನಿವಾರನ ಹೋಗತೈತಿ." ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಿಕ್ಕಿದಳು. "ಮೂವತ್ತೆರಡ ಕಾರ್ಡು, ಮೂವತ್ತೊಂದ ಅಚ್ಚು. ಯಾರೂ ನೋಡೇ ಇಲ್ಲ. ವರದಿಯೊಳಗ ಕಾರ್ಡ ಅಷ್ಟ ಎಣಸತೀವಿ."

ಅವಳು ಒಂದು ಅಚ್ಚಿನ ಶೇಷವನ್ನು ಬಿಡಿಸಿ ಹರಡಿದಳು. ಅದು ಮುಖವಾಗಿರಲಿಲ್ಲ, ಅಚ್ಚು ಹೊಂದದ ಕಡೆಯೆಲ್ಲ ಕೆಂಪು ಕಲೆ ಬಿದ್ದ, ಬೂದು ಬಣ್ಣದ ಸಾಲು ಸಾಲು ಪಟ. ಬಹಳಷ್ಟರಲ್ಲಿ ಕೆಂಪು ಇಲ್ಲವೇ ಇಲ್ಲ. ಉಳಿದವುಗಳಲ್ಲಿ ದವಡೆ, ಕಿವಿ, ಗದ್ದದ ಜಾಗ, ಪ್ರತಿ ಸಲವೂ ಒಂದೇ ಕಡೆ, ಒಂದೇ ಆಕಾರದಲ್ಲಿ ಕೆಂಪಾಗಿತ್ತು.

"ಇದು ಒಬ್ಬಾಕೀದಲ್ಲ ಮೇಡಂ. ಒಬ್ಬಾಕಿ ಮ್ಯಾಲೆ ಇನ್ನೊಬ್ಬಾಕೀನ್ನ ಕುಂದರಿಸ್ಯಾರ."

ಪಕ್ಕದ ಪಟ್ಟಿಯಲ್ಲಿ ಪೆಟ್ಟಿಗೆ ಕೇಳಿದ ಪ್ರಶ್ನೆ, ಕೊಟ್ಟ ಉತ್ತರ, ಉತ್ತರಕ್ಕೆ ಹಿಡಿದ ಸಮಯ ದಾಖಲಾಗಿದ್ದವು. ಸೊನ್ನೆ ಬಿಂದು ಎಂಟು ಸೆಕೆಂಡು. ದಾಕ್ಷಾಯಿಣಿ ಆ ಅಂಕಿಯನ್ನೇ ನೋಡಿದಳು.

ಸರೋವರದ ಪಟ ಬಂದಾಗ ತಬಸ್ಸುಮ್ ತಡೆದಳು. "ಇದೊಂದ ಚಂದ ಐತಿ ನೋಡ್ರಿ. ತಗಿಯಾಕಿ ಕ್ಯಾಮೆರಾ ಎದಿ ಮ್ಯಾಲಿರತೈತಲ್ಲ, ಎದಿ ಅಲಗಾಡಿದ್ರ ಚಿತ್ರಾನೂ ಅಲಗಾಡತೈತಿ. ಪೆಟಗಿ ಅದನ್ನ ಸಪಾಟ ಮಾಡಿ, ಅಲುಗಾಟ ಅಷ್ಟ ಶೇಷಕ್ಕ ಹಾಕತೈತಿ." ಅಂಕುಡೊಂಕಾದ ಒಂದು ಗೆರೆಯನ್ನು ಬೆರಳಿನಿಂದ ತೋರಿಸಿದಳು. "ಚಳಿಗೆ ನಡಗಿದ್ರ ಗೆರಿ ಸಣ್ಣ, ಎಡಬಿಡದ ಬರತೈತಿ. ಇದು ಹಂಗಲ್ಲ. ಭರ್ರನ ಬಂದು, ನಿಂತು, ಉಸಿರ ತಗೊಂಡು, ಮತ್ತ ಬಂದೈತಿ. ಇದು ನಗಿ. ಬಿದ್ದಾಕಿ ಎದರಿಗೆ ನಿಂತಾಕಿ ಹೊಟ್ಟಿ ತುಂಬ ನಕ್ಕಾಳ. ಬಾಯಿ ತಗದದ್ದು ಎಲ್ಲೂ ಬರದಿಲ್ಲ ಮತ್ತ, ಒಳಗೊಳಗ."

"ಯಾರ ಕಾರ್ಡದು?"

"ಒಂದನೇ ನಂಬರ್."

ಒಂದನೆಯ ಕಾರ್ಡು ಪ್ರತಿ ಪ್ರವಾಸದಲ್ಲೂ ಬಳಗದ ಅಧ್ಯಕ್ಷೆಯದು. ಬಸಲಿಂಗಮ್ಮ ನಕ್ಕಿದ್ದರು. ತುಟಿ ಬಿಗಿ ಹಿಡಿದು, ಯಾರಿಗೂ ಕಾಣದಂತೆ, ಕಾಗೆ ದನಿಯ ನೆಗೆಣ್ಣಿ ಹಿಮದಲ್ಲಿ ಬಿದ್ದು ನಗುವುದನ್ನು ನೋಡುತ್ತ ನಕ್ಕಿದ್ದರು. ಒಬ್ಬಳ ನಗುವಿನ ಮೇಲೆ ಇನ್ನೊಬ್ಬಳ ಮುಖ ಕೂರಿಸಿ, ಆ ಇನ್ನೊಬ್ಬಳ ನಗುವನ್ನು ಅಲುಗಾಟವೆಂದು ತೆಗೆದುಹಾಕಿತ್ತು ಪೆಟ್ಟಿಗೆ. ತಾನು ಕಸಿದದ್ದು ಒಬ್ಬಳಿಂದ ಎಂದುಕೊಂಡಿದ್ದಳು, ಇಬ್ಬರಿಂದ.

"ಇದನ್ನ ಬಿಡಸಬಹುದೇನು?"

"ಬಿಡಸಬಹುದು. ಪ್ರತಿಗಾರ್ತಿ ಬರದ ಕೊಡಬೇಕು. ಕಾರಣ ಎರಡ ಅದಾವ: ಪೆಟಗಿ ತಪ್ಪು, ಇಲ್ಲಾ ಪ್ರತಿಗಾರ್ತಿ ತಪ್ಪು. ಪೆಟಗಿ ತಪ್ಪು ಅಂದ್ರ ನಾವ ಸುಮ್ಮ ಸರಿ ಮಾಡಿ ಹೊಸಾ ದೃಶ್ಯ ಕಳಸತೀವಿ, ಯಾರೂ ಏನೂ ಕೇಳೂದಿಲ್ಲ. ಪ್ರತಿಗಾರ್ತಿ ತಪ್ಪು ಅಂದ್ರ ಪ್ರವಾಸದಾಗ ಇದ್ದವರಿಗೆಲ್ಲಾ ಒತ್ತಿದಾಕಿ ಹೆಸರ ಹಾಕಿ ಪತ್ರ ಹೋಗತೈತಿ. ಮತ್ತ ಅಕಿ ಬಸ್ಸ ಹತ್ತೂಹಂಗಿಲ್ಲ." ತಬಸ್ಸುಮ್ ಡಬ್ಬಿ ಮುಚ್ಚಿದಳು. ಅವಳ ಕಣ್ಣು ಡಬ್ಬಿಯ ಮೇಲೆಯೇ ಇತ್ತು. "ಯಾರ ಒತ್ಯಾರ ಅಂತ ನಾ ನೋಡಿಲ್ಲ ಮೇಡಂ. ನೋಡೂದೂ ಇಲ್ಲ. ಶನಿವಾರ ತಾನ ಹೊಕ್ಕತಿ. ಮೂವತ್ತೊಂದ ಮಂದಿ ಖುಷಿಲೇ ಅದಾರ."

*

ಗುರುವಾರ ಸಂಜೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಫೋನು ಬಂತು. ಹಿಟ್ಟಿನ ಕೈಯಲ್ಲೇ ಎತ್ತಿದಳು.

"ಅಕ್ಕಾರ, ನಾನ್ರಿ, ರಾಣೆಬೆನ್ನೂರ ಸುವರ್ಣಾ. ಆಫೀಸಿನ್ಯಾಗ ನಿಮ್ಮ ನಂಬರ ಕೊಟ್ಟರು. ಬ್ಯಾಸರಿಲ್ಲಲ್ರಿ?"

"ಇಲ್ಲ, ಹೇಳ್ರಿ."

"ನೀವು ಹೇಳಿದ್ದ ಖರೇ ಅನಸ್ತು. ಅದನ್ನ ಹೇಳೂನಂತ ಮಾಡಿದೆ. ಅವತ್ತ ನಿಮಗ ಸುಮ್ಮ ತ್ರಾಸ ಕೊಟ್ಟೆ." ಹಿಂದೆ ಪಾತ್ರೆಗಳ ಸದ್ದು, ಯಾರೋ ಯಾರನ್ನೋ ಕರೆಯುವ ದನಿ. "ಶಶಿ ಮೊನ್ನಿಯಿಂದ ಟೀವ್ಯಾಗ ಆ ನಗೂದನ್ನ ಹಾಕಿ ಕುಂದರತಾಳ್ರಿ. ನಾನೂ ಬಾಜೂಕ ಕುಂದರತೀನಿ. ನೋಡಿ ನೋಡಿ ಈಗ ಕಣ್ಣ ಮುಚ್ಚಿದ್ರ ನನಗೂ ಹಂಗ ಕಾಣತೈತಿ. ನಾ ದಂಡಿ ಮ್ಯಾಲೆ ನಿಂತೀನಿ, ಅಕ್ಕ ಬಿದ್ದು ನಗಾಕ ಹತ್ಯಾಳ. ನಾ ಬಿದ್ದದ್ದು ಹೆಂಗಿತ್ತಂತ ನೆನಸಾಕ ಹೋದ್ರ ಬರವಲ್ಲದು. ನಿಮ್ಮ ಮಾತ ಖರೇ. ನೆನಪು ಕಲಸಿತ್ತು."

ಹಂಚಿನ ಮೇಲಿನ ರೊಟ್ಟಿ ಉಬ್ಬಿ, ಒಂದು ಕಡೆ ಹೊಗೆ ಬಿಡತೊಡಗಿತು. ದಾಕ್ಷಾಯಿಣಿ ಅದನ್ನು ತಿರುವಲಿಲ್ಲ.

"ಒಂದ ಕೇಳತೀನ್ರಿ, ನಗಬ್ಯಾಡ್ರಿ," ಎಂದಳು ಸುವರ್ಣಾ. "ನಾ ಬಂದಿದ್ನೆಲ್ಲ? ಬಸ್ಸಿನ್ಯಾಗ ನನ್ನ ನೋಡಿದ್ದ ನಿಮಗ ನೆನಪೈತಿ?"

"ಐತ್ರಿ," ಎಂದಳು ದಾಕ್ಷಾಯಿಣಿ. "ನೋಡೀನಿ."

ಅದೂ ನಿಜವಲ್ಲ. ಹನ್ನೆರಡು ದಿನ ಒಂದೇ ಬಸ್ಸಿನಲ್ಲಿದ್ದರೂ ಒಮ್ಮೆಯೂ ಅವಳನ್ನು ನೋಡಿರಲಿಲ್ಲ.

"ಹಂಗಾರ ಆತ್ರಿ. ಅಷ್ಟ ಸಾಕು. ಐತವಾರ ಪ್ರಸಾದಕ್ಕ ಬರ್ರಿ ನೀವು, ಮನಿಯವರನ್ನೂ ಕರಕೊಂಡ ಬರ್ರಿ," ಎಂದು ಸುವರ್ಣಾ ಫೋನು ಇಟ್ಟಳು.

ದಾಕ್ಷಾಯಿಣಿ ಸೀದ ರೊಟ್ಟಿಯನ್ನು ತೆಗೆದು ಬದಿಗಿಟ್ಟು, ಹಂಚು ಒರೆಸಿ, ಇನ್ನೊಂದು ಉಂಡೆ ತೆಗೆದುಕೊಂಡಳು. ಭಾನುವಾರ ಕಳೆಯಲಿ ಎಂದಿತು ಮನಸ್ಸು. ಮಗಳು ತಾಯಿಯ ನಗುವಿನ ಮುಂದೆ ಒಂದು ದಿನ ಕೂತುಕೊಳ್ಳಲಿ, ಆಮೇಲೆ ನೋಡೋಣ. ಆದರೆ ಶೇಷ ಶನಿವಾರವೇ ಹೋಗುತ್ತದೆ. ಆಮೇಲೆ ನೋಡಲು ಏನೂ ಇರುವುದಿಲ್ಲ; ಆ ಸಮಾಧಾನವನ್ನೇ ಮನಸ್ಸು ಕಾಯುತ್ತಿದೆ ಎಂದು ಅವಳಿಗೆ ಗೊತ್ತಾಯಿತು. ಸರಿ, ಪೆಟ್ಟಿಗೆಯ ತಪ್ಪು ಎಂದು ಬರೆದರೆ? ಮುಖ ಸುವರ್ಣಾಳಿಗೆ ಮರಳುತ್ತದೆ, ಬಸ್ಸೂ ತನಗೆ ಉಳಿಯುತ್ತದೆ. ಆದರೆ ಎತ್ತರದಲ್ಲಿ ನೆನಪು ಕಲಸುತ್ತವೆ ಎಂದು ಹೇಳಿದ್ದು ಪೆಟ್ಟಿಗೆಯಲ್ಲ. ಆ ಮಾತನ್ನು ಯಾವ ಹೊಸ ದೃಶ್ಯವೂ ತೆಗೆದುಹಾಕುವುದಿಲ್ಲ. ಪರದೆಯ ಮೇಲೆ ತನ್ನ ಮುಖ ಕಂಡರೂ ಆ ಹೆಂಗಸು ತನ್ನನ್ನೇ ಅನುಮಾನಿಸುತ್ತಾಳೆ, ಯಂತ್ರವೇ ಈಗ ಕಲಸಿರಬೇಕು ಎನ್ನುತ್ತಾಳೆ.

ಶಶಿರೇಖಾಳನ್ನು ನೆನೆದಾಗ ಕೈ ನಿಧಾನವಾಯಿತು. ಪುಣ್ಯಸ್ಮರಣೆಗೆ ಎರಡು ದಿನ ಇರುವಾಗ ಅವಳ ತಾಯಿಯ ಹಲ್ಲು ಕಾಣುವ ನಗುವನ್ನು ಕಿತ್ತುಕೊಂಡು, ಬದಲಿಗೆ ನಡುಗುವ ಒಂದು ಚಿತ್ರವನ್ನು ಕೈಗಿಡಬೇಕು. ಈ ನಡುಕವೇ ನಿಮ್ಮವ್ವ ಎನ್ನಬೇಕು. ಅವಳು ನಂಬದೆ ಇರಬಹುದು. ಬೈದು ಹೊರಗೆ ಹಾಕಬಹುದು. ಸುವರ್ಣಾ ಕೂಡ, ನಿಮಗ ಹೇಳ್ರಿ ಅಂದವರ್ಯಾರು, ಮನಿ ಮುರದ್ರಿ, ಎನ್ನಬಹುದು.

ವಿರೂಪಾಕ್ಷಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ಮೂಗು ಅರಳಿಸಿದ. "ಏನೋ ಹೊತ್ತಿದ ವಾಸನಿ. ಯಾರ ಫೋನು?"

"ಆಫೀಸಿಂದು."

"ನಾಳೆ ದಿನದಂಗ ಹತ್ತಕ್ಕ ಹೊಕ್ಕೀಯೋ, ಇಲ್ಲಾ ಮತ್ತ ಯಾವುದರ ಪ್ರವಾಸ ಬಂತೋ?"

"ಪ್ರವಾಸ ಇಲ್ಲ," ಎಂದಳು. "ಸ್ವಲ್ಪ ಲಗೂನ ಹೊಕ್ಕೀನಿ."

ತಬಸ್ಸುಮ್ ಒಂಬತ್ತಕ್ಕೆ ಬರುತ್ತಾಳೆ. ಅರ್ಜಿ ಒಂದೇ ಪುಟ. ಕಾರಣದ ಜಾಗದಲ್ಲಿ ಎರಡನೆಯದಕ್ಕೆ, ಪ್ರತಿಗಾರ್ತಿ ತಪ್ಪು ಎಂಬುದಕ್ಕೆ, ಗುರುತು ಹಾಕಿ, ಕೆಳಗೆ ಪೂರ್ತಿ ಹೆಸರು ಬರೆಯುವುದು. ಹತ್ತೂಮುಕ್ಕಾಲಿಗೆ ರಾಣೆಬೆನ್ನೂರಿನ ಬಸ್ಸಿದೆ. ಪತ್ರ ಆ ಮನೆಗೆ ತಲುಪುವ ಮೊದಲು ತಾನು ತಲುಪಬೇಕು; ಮೊದಲು ಸುವರ್ಣಾ, ಆಮೇಲೆ ಶಶಿರೇಖಾ. ಇಬ್ಬರಿಗೂ ಬೇರೆ ಬೇರೆಯಾಗಿ, ಮುಖ ನೋಡಿ.

ಗಂಡ ತಟ್ಟೆ ಹಾಕಿಕೊಂಡು ಕುಳಿತ. ದಾಕ್ಷಾಯಿಣಿ ಬಿಸಿ ರೊಟ್ಟಿಯನ್ನು ಅವನ ತಟ್ಟೆಗೆ ಹಾಕಿ, ಇನ್ನೊಂದನ್ನು ಬಡಿಯಲು ತಿರುಗಿದಳು.